ಕಲ್ಲಿದ್ದಲಿಲ್ಲದ ನೆಲದ ಬಾವಿಗಳು

ತೆಲಂಗಾಣದ ಸಿಂಗರೇಣಿ ಸೀಮೆಯ ಜನ ನೆಲದಡಿಯ ಕಲ್ಲಿದ್ದಲ ಗಣಿಯನ್ನು 'ಬೊಗ್ಗು ಬಾವಿ' ಎಂದು ಕರೆಯುತ್ತಾರೆ. ಬೊಗ್ಗು ಎಂದರೆ ಇದ್ದಲು. ಸಂಸ್ಕೃತದ ವಾಪಿ ಕನ್ನಡಕ್ಕೆ ಬಂದು ಬಾವಿಯಾಯಿತು, ಖನಿ ಗಣಿಯಾಯಿತು. ಎರಡು ಮಾತುಗಳನ್ನೂ ನಾವು ಎರಡು ಕೆಲಸಗಳಿಗೆ ಹಚ್ಚಿಕೊಂಡೆವು. ನೀರಿಗಾಗಿ ತೋಡಿದ್ದು ಬಾವಿ, ಲೋಹಕ್ಕಾಗಿ ಕಲ್ಲಿಗಾಗಿ ತೋಡಿದ್ದು ಗಣಿ. ತೆಲುಗಿನ ಗಣಿಗೆಲಸದವರು ಈ ಭೇದವನ್ನು ಲೆಕ್ಕಿಸಲಿಲ್ಲ. ಅವರ ಕಣ್ಣಿಗೆ ನೆಲದೊಳಕ್ಕೆ ನೆಟ್ಟಗೆ ಇಳಿದ ಕತ್ತಲೆ ಯಾವುದಿದ್ದರೂ ಬಾವಿಯೇ. ಆದರೆ ಒಂದು ಮಾತು: ನೀರಿನ ಬಾವಿಯಲ್ಲಿ ಸೆಲೆ ಒಡೆದರೆ ತೋಡಿದವನು ತೆಂಗಿನಕಾಯಿ ಒಡೆಯುತ್ತಾನೆ, ಬೊಗ್ಗು ಬಾವಿಯಲ್ಲಿ ಸೆಲೆ ಒಡೆದರೆ ಜೀವ ಉಳಿಸಿಕೊಳ್ಳಲು ಓಡುತ್ತಾನೆ.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ನೆಲ ಮತ್ತು ನೀರಿನ ಇತಿಹಾಸವನ್ನು ಈ ಎರಡು ಬಾವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದೆಂದು ನನಗೆ ತೋರಿದೆ. ಈ ಐದರಲ್ಲಿ ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿಯೂ ಕಾಗವಾಡ ಅಥಣಿ ತಾಲೂಕಿನಲ್ಲಿಯೂ ಇದ್ದವು. ರಾಯಬಾಗವಂತೂ ಸ್ವಾತಂತ್ರ್ಯ ಬರುವವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗೆ ಕಚೇರಿಯ ಗೆರೆಗಳು ಮೇಲಿಂದ ಮೇಲೆ ಬದಲಾಗಿವೆ. ಅವುಗಳ ಕೆಳಗಿನ ಬಂಡೆ ಮಾತ್ರ ಒಂದೇ.

ಆ ಬಂಡೆ ಕಪ್ಪು. ಕಪ್ಪು ಕಲ್ಲಿನ ನೆಲದಲ್ಲಿ ಕಲ್ಲಿದ್ದಲು ಏಕಿರಬಾರದು ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಕಲ್ಲಿದ್ದಲಿಲ್ಲ. ಇದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಹೊಳೆಯಂತೆ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದ ಲಾವಾರಸ. ಇಂದು ಉಳಿದಿರುವಷ್ಟೇ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳನ್ನು ಮುಚ್ಚಿರುವ ಈ ಶಿಲೆಗೆ ವಿದ್ವಾಂಸರು ದಖನ್ ಟ್ರ್ಯಾಪ್ ಎಂದು ಹೆಸರಿಟ್ಟಿದ್ದಾರೆ. ಟ್ರ್ಯಾಪ್ ಎಂಬುದು ಸ್ವೀಡನ್ ದೇಶದ ಭಾಷೆಯ ಮೂಲದ ಮಾತು, ಮೆಟ್ಟಿಲು ಎಂದರ್ಥ. ನಿಪ್ಪಾಣಿಯಿಂದ ದಕ್ಷಿಣಕ್ಕೆ ಹೊರಟು ತವಂದಿ ಘಟ್ಟವನ್ನು ಏರುವವರು ಸುತ್ತಲಿನ ಗುಡ್ಡಗಳ ಚಪ್ಪಟೆ ತಲೆಗಳನ್ನೂ ಮೆಟ್ಟಿಲು ಕೊರೆದಂಥ ಮೈಯನ್ನೂ ನೋಡಿದರೆ ಆ ಹೆಸರು ಏಕೆ ಬಂದಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಲ್ಲಿದ್ದಲು ಹುಟ್ಟಿದ ಬಗೆ ಬೇರೆ. ಅದು ಕಾಡು ಕೊಳೆತು ಕಲ್ಲಾದದ್ದು. ನಮ್ಮ ದೇಶದ ಕಲ್ಲಿದ್ದಲ ಬಹುಪಾಲು ಗೊಂಡ್ವಾನ ಎಂಬ ಶಿಲಾವರ್ಗದಲ್ಲಿದೆ. 25 ಕೋಟಿ ವರ್ಷಗಳಿಗೂ ಹಿಂದೆ ತಗ್ಗು ಕಣಿವೆಗಳಲ್ಲಿ ಮರಳು, ಕೆಸರು, ಸೊಪ್ಪುಸದೆಗಳು ತುಂಬಿ ಆದ ಶಿಲೆ ಅದು. ದಾಮೋದರ, ಮಹಾನದಿ, ವರ್ಧಾ, ಗೋದಾವರಿ ಕಣಿವೆಗಳಲ್ಲಿ ಅದು ಉಳಿದಿದೆ. ಕರ್ನಾಟಕದಲ್ಲಿ ಗೊಂಡ್ವಾನದ ಕಲ್ಲಿದ್ದಲ ಕ್ಷೇತ್ರ ಒಂದೂ ಇಲ್ಲ. ಆದರೆ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ವರ್ಧಾ ಕಣಿವೆಯಲ್ಲಿ, ಚಂದ್ರಪುರದ ಕಡೆ, ಕಲ್ಲಿದ್ದಲಿನ ಪದರಗಳು ಪಶ್ಚಿಮಕ್ಕೆ ಹೋಗುತ್ತ ಈ ಕಪ್ಪು ಶಿಲೆಯ ಅಡಿಗೆ ನುಸುಳುತ್ತವೆ. ಅಲ್ಲಿ ಅಡಗಿದ್ದರೆ ನಮ್ಮಲ್ಲೂ ಅಡಗಿರಬಾರದೇಕೆ?

ಇದಕ್ಕೆ ಎರಡು ಕಡೆಯಿಂದ ಸಾಕ್ಷಿ ಸಿಕ್ಕಿದೆ. ಮೊದಲನೆಯದು ದಕ್ಷಿಣದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬಾತ ಈ ಸೀಮೆಯನ್ನು ಅಳೆದು ಕಂಡದ್ದನ್ನು 1876ರಲ್ಲಿ ಒಂದು ಬೃಹತ್ ಪ್ರಬಂಧವಾಗಿ ಪ್ರಕಟಿಸಿದ. ಮದರಾಸಿನ ಬಳಿ ಪಲ್ಲಾವರದಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಫೂಟ್ ಇವನೇ. ಗೋಕಾಕದ ಬಳಿ ದಂಡೆಯ ಮಣ್ಣಿನಲ್ಲಿ ಅಳಿದುಹೋದ ಖಡ್ಗಮೃಗದ ಎಲುಬುಗಳನ್ನು ಕಂಡವನೂ ಇವನೇ. ನಮ್ಮ ಎರೆಹೊಲಗಳ ಆಸುಪಾಸಿನಲ್ಲಿ ಖಡ್ಗಮೃಗ ಅಡ್ಡಾಡುತ್ತಿತ್ತೆಂಬುದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಏಕೆ ಬಾರದೋ ತಿಳಿಯದು. ಇರಲಿ. ಗೋಕಾಕದ ಕಡೆ ನಮ್ಮ ಕಪ್ಪು ಶಿಲೆಯ ಅಂಚು ತೆಳುವಾಗಿ ಕೊನೆಗೊಂಡು ಅದರ ಬುಡ ಬಯಲಾಗುತ್ತದೆ. ಬುಡದಲ್ಲಿರುವುದು ಕಲಾದಗಿ ವರ್ಗದ ಮರಳುಗಲ್ಲು. ಘಟಪ್ರಭೆ 52 ಮೀಟರು ಧುಮುಕುವುದು ಆ ಕಲ್ಲಿನ ಅಂಚಿನಿಂದಲೇ. ಆ ಕಲ್ಲಿಗೆ ನೂರು ಕೋಟಿ ವರ್ಷಗಳಿಗೂ ಮಿಕ್ಕಿದ ವಯಸ್ಸು. ಅದು ಹುಟ್ಟಿದಾಗ ನೆಲದ ಮೇಲೆ ಮರವೇ ಇರಲಿಲ್ಲ. ಮರವಿಲ್ಲದಲ್ಲಿ ಇದ್ದಲು ಎಲ್ಲಿಂದ?

ಎರಡನೆಯ ಸಾಕ್ಷಿ ವಾಯವ್ಯದ್ದು, ಬಹಳ ಈಚಿನದು. 1967ರ ಡಿಸೆಂಬರಿನ ಕೊಯ್ನಾ ಭೂಕಂಪ ನಮ್ಮ ಭಾಗದ ಹಿರಿಯರ ನೆನಪಿನಲ್ಲಿದೆ. ಅದರ ಮೂಲವನ್ನು ಹುಡುಕಲೆಂದು 2011ರಿಂದ ಅಲ್ಲಿ ವಿಜ್ಞಾನಿಗಳು ಆಳದ ಕೊಳವೆಗಳನ್ನು ಕೊರೆದರು. ಮೊದಲನೆಯದರಲ್ಲಿ 930 ಮೀಟರಿಗೂ ತುಸು ಹೆಚ್ಚು ಆಳದವರೆಗೆ ಬರಿಯ ಕಪ್ಪು ಶಿಲೆ. ಅದು ಮುಗಿದ ಕೂಡಲೇ ಗ್ರಾನೈಟ್ ವರ್ಗದ ಮೂಲಶಿಲೆ. ನಡುವೆ ಗೊಂಡ್ವಾನವಾಗಲಿ ಕಲ್ಲಿದ್ದಲಾಗಲಿ ಇರಲಿಲ್ಲ. ದಕ್ಷಿಣದ ಅಂಚಿನಲ್ಲೂ ಇಲ್ಲ, ವಾಯವ್ಯದಲ್ಲೂ ಇಲ್ಲವೆಂದ ಮೇಲೆ ಇವೆರಡರ ನಡುವಿನ ನಮ್ಮ ಐದು ತಾಲೂಕುಗಳಲ್ಲಿ ಅದನ್ನು ನಿರೀಕ್ಷಿಸಲು ಆಧಾರವಿಲ್ಲ.

ಕಲ್ಲಿದ್ದಲಿಲ್ಲದ್ದು ನಮ್ಮ ಭಾಗದ ಬಾಳಿನ ಮೇಲೆ ತನ್ನ ಗುರುತನ್ನು ಒತ್ತಿದೆ. 1887ರಲ್ಲಿ ಗೋಕಾಕದ ಗಿರಣಿ ಜಲಪಾತದ ನೆತ್ತಿಯ ಮೇಲೆಯೇ ಏಕೆ ಎದ್ದಿತು? ಇದ್ದಲನ್ನು ದೂರದಿಂದ ಹೊತ್ತು ತರುವುದಕ್ಕಿಂತ ಧುಮುಕುವ ನೀರಿನಿಂದ ಯಂತ್ರ ತಿರುಗಿಸುವುದು ಅಗ್ಗವೆಂದು. ಅದೇ ದಶಕದಲ್ಲಿ ಮಿರಜಿನಿಂದ ಉಗಾರ, ಕುಡಚಿ, ರಾಯಬಾಗಗಳ ಮೂಲಕ ಬೆಳಗಾವಿಯತ್ತ ಬಂದ ಸದರ್ನ್ ಮರಾಠಾ ರೈಲು ಸುಡುತ್ತಿದ್ದ ಇದ್ದಲೆಲ್ಲ ಹೊರಗಿನದು. ನೆಲದೊಳಗಿಂದ ಇಲ್ಲಿಯ ಒಕ್ಕಲಿಗ ಮೇಲಕ್ಕೆ ಎತ್ತಿದ್ದು ಒಂದೇ ವಸ್ತು, ನೀರು. ಈ ಸೀಮೆಯ ಗಣಿ ಎಂದರೆ ಬಾವಿ.

ಹೊರಗಿನಿಂದ ಒಂದೇ ಗಟ್ಟಿಯಂತೆ ಕಾಣುವ ಈ ಶಿಲೆಯಲ್ಲಿ ನೀರು ಎಲ್ಲಿರುತ್ತದೆ? ಪ್ರತಿಯೊಂದು ಲಾವಾ ಪದರದ ನಡು ಗಟ್ಟಿ; ಅಲ್ಲಿ ನೀರಿಗೆ ಎಡೆ ಕಡಿಮೆ. ಆದರೆ ಪದರದ ತಲೆಯ ಭಾಗದಲ್ಲಿ, ರಸ ಆರುವಾಗ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಟುಹೋದ ತೂತುಗಳಿವೆ. ಹಲವು ತೂತುಗಳಲ್ಲಿ ಬಿಳಿಯ ಹರಳು ತುಂಬಿದೆ. ಬಾವಿಯ ಮಣ್ಣಿನ ದಿಬ್ಬದಲ್ಲಿ ಮಕ್ಕಳು ಆರಿಸುವ ಹರಳು ಅದೇ. ಒಂದು ಪದರ ಹರಿದು ಮತ್ತೊಂದು ಬರುವುದರೊಳಗೆ ಮೇಲ್ಮೈ ಬಿಸಿಲುಮಳೆಗೆ ಸವೆದು ಆದ ಕೆಂಪು ಜೇಡಿಯ ಪಟ್ಟೆ ಕೆಲವು ಕಡೆ ಎರಡು ಪದರಗಳ ನಡುವೆ ಸಿಗುತ್ತದೆ. ಇವೆಲ್ಲಕ್ಕೂ ಮೇಲೆ ಕಲ್ಲು ಕೊಳೆತು ಆದ ಗರಸು, ಅದರ ಮೇಲೆ ಎರೆಮಣ್ಣು. ಗರಸು, ತೂತುಗಲ್ಲು, ಬಿರುಕು, ನೀರು ಇರುವುದು ಈ ಮೂರರಲ್ಲಿ. ಆದ್ದರಿಂದಲೇ ನಮ್ಮ ಹಳೆಯ ಬಾವಿಗಳು ಅಗಲವಾದವು. ಸಣ್ಣ ಬಾಯಿಯ ಬಾವಿ ಮರಳುನೆಲಕ್ಕೆ ಒಪ್ಪುತ್ತದೆ. ಇಲ್ಲಿ ಮಾತ್ರ ಹಲವು ಬಿರುಕುಗಳನ್ನು ಅಡ್ಡಗಟ್ಟಬೇಕು, ರಾತ್ರಿಯೆಲ್ಲ ಒಸರಿದ್ದನ್ನು ಹಗಲಿಗಾಗಿ ಕೂಡಿಡಬೇಕು. ಭೂವಿಜ್ಞಾನದ ಹೆಸರೇ ಕೇಳದ ವಡ್ಡರು ಇದನ್ನು ಕೈಯಿಂದಲೇ ಅರಿತಿದ್ದರು. ರಾಯಬಾಗದ ಹಳೆಯ ಹೆಸರು ಹೂವಿನಬಾಗೆ. ಹೂದೋಟಗಳಿಂದ ಬಂದ ಹೆಸರೇ ಆಗಿದ್ದರೆ ಆ ತೋಟಗಳಿಗೆ ನೀರುಣಿಸಿದ್ದು ಇಂಥ ಬಾವಿಗಳೇ ಇದ್ದಾವು. ಇದು ನನ್ನ ಊಹೆ, ಶಾಸನದ ಮಾತಲ್ಲ.

ಈ ಬಾವಿಗಳಿಗೆ ಒಂದು ಮಿತಿ ತಾನಾಗಿಯೇ ಇತ್ತು. ಕಪಿಲೆಯ, ಗಡಿಯ ಮಾತಿನಲ್ಲಿ ಮೋಟಿನ, ಎತ್ತುಗಳು ಎಷ್ಟು ಎಳೆದಾವು? ಎತ್ತು ದಣಿದರೆ ಬಾವಿ ಸುಧಾರಿಸಿಕೊಳ್ಳುತ್ತಿತ್ತು. 1876-78ರ ಮಹಾಕ್ಷಾಮದಲ್ಲಿ ಬೆಳಗಾವಿ ಜಿಲ್ಲೆಯೂ ನರಳಿತು. ಅನಂತರ ಸರ್ಕಾರ 1883ರಲ್ಲಿ ಭೂಸುಧಾರಣೆಯ ಸಾಲದ ಕಾನೂನು ತಂದು ಬಾವಿ ತೋಡಲು ತಗಾವಿ ಕೊಟ್ಟಿತು. 1897ರ ಹೊತ್ತಿಗೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಬಿದ್ದಿತು. ಬಾವಿಗಳು ಹೆಚ್ಚಿದವು, ಆಳ ಹೆಚ್ಚಲಿಲ್ಲ. ಎತ್ತಿನ ಶಕ್ತಿಯೇ ಅಳತೆಗೋಲಾಗಿತ್ತು.

ಅಳತೆಗೋಲನ್ನು ಮುರಿದದ್ದು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಬ್ಬ ಮಹಾನುಭಾವರ ಸಂಸ್ಥೆ. 1869ರಲ್ಲಿ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕೃಷ್ಣೆಯ ಆಚೆ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ನೆಲೆಗೊಳಿಸಿದರು. ಅಲ್ಲಿಂದ ಕಬ್ಬಿಣದ ನೇಗಿಲು ಬಂತು, 1920ರ ದಶಕದಲ್ಲಿ ಪಂಪು ಬಂತು. 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನಿನ ಕಾರ್ಖಾನೆಯಾಯಿತು. ಬಾವಿಯ ದಡದಲ್ಲಿ ಎಂಜಿನ್ನಿನ ಸದ್ದು ಕೇಳಿಸಿದ ಮೇಲೆ ಎತ್ತಿನ ದಣಿವು ಲೆಕ್ಕಕ್ಕೆ ಬಾರದಾಯಿತು. ಅತ್ತ 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಮುಂದೆ ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆ, ಬಳಿಕ ಒಂದರ ಹಿಂದೆ ಒಂದು. ಕಾರ್ಖಾನೆಗೆ ಕಬ್ಬು ಬೇಕು, ಕಬ್ಬಿಗೆ ನೀರು ಬೇಕು.

1972-73ರ ಬರ ಮತ್ತೊಂದು ತಿರುವು. ಗಾಳಿಯ ಒತ್ತಡದಿಂದ ಸುತ್ತಿಗೆಯನ್ನು ಬಂಡೆಯೊಳಗೇ ಬಡಿಯುತ್ತ ಇಳಿಯುವ ಯಂತ್ರಗಳು ಆ ಕಾಲದಲ್ಲಿ ದಖನ್ನಿನ ಹಳ್ಳಿಗಳಿಗೆ ಬಂದವು. ತಿಂಗಳುಗಟ್ಟಲೆ ಮದ್ದು ಸಿಡಿಸಿ ಇಳಿಸುತ್ತಿದ್ದ ಆಳವನ್ನು ಅವು ಒಂದೆರಡು ದಿನಗಳಲ್ಲಿ ತಲುಪಿದವು. ಕುಡಿಯುವ ನೀರಿನ ಮಟ್ಟಿಗೆ ಇದು ದೊಡ್ಡ ಉಪಕಾರವೇ ಸರಿ. ಅಥಣಿಯ ನೆರೆಯ ಸೊಲ್ಲಾಪುರದಲ್ಲಿ ಕ್ರೈಸ್ತ ಸೇವಾಸಂಸ್ಥೆಯ ಬಾವಿ ಯೋಜನೆಯವರು ರೂಪಿಸಿದ ಗಟ್ಟಿಮುಟ್ಟಾದ ಕೈಪಂಪೇ ಮುಂದೆ ಯುನಿಸೆಫ್‌ನ ನೆರವಿನಿಂದ ಇಂಡಿಯಾ ಮಾರ್ಕ್ ಎರಡು ಎಂಬ ಪಂಪಾಗಿ ದೇಶದ ಹಳ್ಳಿ ಹಳ್ಳಿಗೂ, ಹೊರದೇಶಗಳಿಗೂ ಹೋಯಿತು. ಅದರ ಹಿಡಿಯನ್ನು ಒತ್ತದ ಹೆಣ್ಣುಮಗಳು ನಮ್ಮ ಭಾಗದಲ್ಲಿ ಅಪರೂಪ. ಆದರೆ ಅದೇ ತೂತಿನೊಳಕ್ಕೆ ವಿದ್ಯುತ್ತಿನ ಮುಳುಗು ಪಂಪನ್ನು ಇಳಿಸಿ ಹೊಲಕ್ಕೆ ನೀರು ಹಾಯಿಸತೊಡಗಿದಾಗ ಬಾವಿ ಬಾವಿಯಾಗಿ ಉಳಿಯಲಿಲ್ಲ.

ಇಲ್ಲಿ ಬೊಗ್ಗು ಬಾವಿಯ ಕಡೆಗೆ ಮತ್ತೆ ತಿರುಗಬೇಕು. ಗೋದಾವರಿ ಕಣಿವೆಯಲ್ಲಿ ಕಲ್ಲಿದ್ದಲು ಮರಳುಗಲ್ಲಿನ ಪದರಗಳ ನಡುವೆ ಮಲಗಿದೆ, ಮರಳುಗಲ್ಲಿನ ತುಂಬ ನೀರು. ಇದ್ದಲನ್ನು ಮುಟ್ಟಬೇಕಾದರೆ ಆ ನೀರನ್ನು ಮೊದಲು ಹೊರಹಾಕಬೇಕು. ಗಣಿಯ ತಳದಲ್ಲಿ ಗುಂಡಿ ಮಾಡಿ ಅಲ್ಲಿಗೆ ಹರಿದು ಬಂದದ್ದನ್ನು ಹಗಲಿರುಳೂ ಪಂಪು ಮೇಲಕ್ಕೆ ಎಸೆಯುತ್ತದೆ. ಆಗ ಗಣಿಯ ಸುತ್ತ ನೆಲದೊಳಗಿನ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಆಲಿಕೆಯ ಬಾಯಿಯೊಳಗೆ ಸಿಕ್ಕ ಹಳ್ಳಿಗಳ ಬಾವಿಗಳು ಒಣಗುತ್ತವೆ. ಪಂಪು ಸೋತರೆ, ಇಲ್ಲವೆ ಪಕ್ಕದ ಹಳೆಯ ಗಣಿಯಲ್ಲಿ ನಿಂತ ನೀರಿನ ಗೋಡೆ ಒಡೆದರೆ, ಗತಿಯೇನೆಂಬುದನ್ನು 1975ರ ಡಿಸೆಂಬರ್ 27ರಂದು ಧನಬಾದದ ಬಳಿಯ ಚಾಸನಾಲಾ ತೋರಿಸಿತು. ಅಂದು 370ಕ್ಕೂ ಹೆಚ್ಚು ಮಂದಿ ನೀರುಪಾಲಾದರು. ನಮ್ಮ ಕೋಲಾರದ ಚಿನ್ನದ ಗಣಿಗಳೂ 2001ರಲ್ಲಿ ಮುಚ್ಚಿ ಪಂಪುಗಳು ನಿಂತ ಮೇಲೆ ನೀರಿನಿಂದ ತುಂಬಿದವು.

ಗಣಿಯ ಸುತ್ತ ಬೇರೆ ಉದ್ದೇಶಕ್ಕಾಗಿ ಆಗುವ ಈ ಆಲಿಕೆಯನ್ನು ನಾವು ಗಣಿಯಿಲ್ಲದೆಯೇ ಮಾಡಿಕೊಂಡೆವು. ಮೇಲಿನ ಗರಸಿನ ನೀರು ಆಳದ ಕೊಳವೆಯ ಮೂಲಕ ಕೆಳಗಿನ ಬಿರುಕುಗಳಿಗೆ ಸೋರಿಹೋಯಿತು, ಅಪ್ಪ ತೋಡಿದ ಬಾವಿಯನ್ನು ಮಗ ಕೊರೆಯಿಸಿದ ಕೊಳವೆ ಬತ್ತಿಸಿತು. ವಿಚಿತ್ರವೆಂದರೆ ಈ ಎರಡು ಬಾವಿಗಳ ನಡುವೆ ನಿಜವಾದ ನಂಟೂ ಇದೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಆರಂಭವಾಗುವವರೆಗೆ ನಮ್ಮ ರಾಜ್ಯ ಮುಖ್ಯವಾಗಿ ಜಲವಿದ್ಯುತ್ತನ್ನೇ ನೆಚ್ಚಿತ್ತು. ಆ ಕೇಂದ್ರಕ್ಕೆ ಇದ್ದಲು ಬರುವ ಗಣಿಗಳಲ್ಲಿ ಸಿಂಗರೇಣಿಯವೂ ಸೇರಿವೆ. ಅಲ್ಲಿ ನೀರನ್ನು ಎಸೆದು ಇದ್ದಲು ತೆಗೆಯುತ್ತಾರೆ. ಆ ಇದ್ದಲನ್ನು ಸುಟ್ಟ ಶಕ್ತಿಯ ಒಂದು ಪಾಲಿನಿಂದ ಇಲ್ಲಿ ನಾವು ಬಂಡೆಯೊಳಗಿನ ನೀರು ತೆಗೆಯುತ್ತೇವೆ. 2008ರಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಆ ವಿದ್ಯುತ್ತು ಉಚಿತವಾಯಿತು. ರೈತನಿಗೆ ಅದು ಬೇಕಾಗಿತ್ತು, ನಾನು ಅಲ್ಲಗಳೆಯುವುದಿಲ್ಲ. ಎತ್ತಿನ ಕಾಲದ ಅಳತೆಗೋಲಿನ ಕೊನೆಯ ತುಂಡೂ ಅಂದಿಗೆ ಮುರಿಯಿತು ಎಂಬುದಷ್ಟೇ ಇತಿಹಾಸದ ಮಾತು.

ಸ್ವಲ್ಪ ಲೆಕ್ಕ ಮಾಡೋಣ. ಭಾಷೆಯ ಮೇಷ್ಟರ ಲೆಕ್ಕವೆಂದು ನಗಬೇಡಿ, ಅಂಕಿಗಳು ಬಲ್ಲವರವು. 1997ರಲ್ಲಿ ಕೇಂದ್ರ ಸರ್ಕಾರದ ಅಂತರ್ಜಲ ಅಂದಾಜು ಸಮಿತಿ ಹಾಕಿಕೊಟ್ಟ ಪ್ರಮಾಣದಂತೆ, ಕೊಳೆತ ಅಥವಾ ತೂತುಗಲ್ಲಿನ ಈ ಶಿಲೆ ತನ್ನ ಗಾತ್ರದ ನೂರಕ್ಕೆ 2 ಪಾಲಿನಷ್ಟು ನೀರನ್ನು ಮಾತ್ರ ಬಿಟ್ಟುಕೊಡುತ್ತದೆ; ಗಂಗೆಯ ಬಯಲಿನಂಥ ಮರಳುಮಣ್ಣು ಕೊಡುವುದು 16 ಪಾಲು. ಬಿದ್ದ ಮಳೆಯಲ್ಲಿ ನಮ್ಮ ಬಂಡೆಗೆ ಇಂಗುವುದು ನೂರಕ್ಕೆ 7ರಿಂದ 13. ಅಥಣಿಯ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯೆಂದು ಹಿಡಿದರೆ ಇಂಗಿದ್ದು ಸುಮಾರು 60. ಅಷ್ಟಕ್ಕೇ ಬಾವಿಯ ನೀರು 3 ಮೀಟರು, ಎಂದರೆ ಹತ್ತು ಅಡಿ, ಏರುತ್ತದೆ. ಒಳ್ಳೆಯ ಮಳೆಗಾಲ ಮುಗಿದಾಗ ಬಾವಿ ತುಂಬಿತೆಂದು ನಾವು ಹಿಗ್ಗುವುದು ಈ ಏರಿಕೆಯನ್ನು ಕಂಡು. ಕಬ್ಬಿಗೆ ಬೇಕಾದದ್ದು 1500ರಿಂದ 2500 ಮಿಲಿಮೀಟರು. ಮಳೆಯಿಂದ ದಕ್ಕಿದ್ದನ್ನು ಕಳೆದು 1500ನ್ನು ಬಾವಿಯೇ ಕೊಡಬೇಕೆಂದರೆ, ಒಂದು ಎಕರೆ ಕಬ್ಬು 25 ಎಕರೆಗೆ ಇಂಗಿದ ವರ್ಷದ ನೀರನ್ನು ಕುಡಿಯುತ್ತದೆ. ಹಾಯಿಸಿದ್ದರಲ್ಲಿ ಒಂದಿಷ್ಟು ಮರಳಿ ಇಂಗುತ್ತದೆ ನಿಜ. ಲೆಕ್ಕದ ದಿಕ್ಕು ಅದರಿಂದ ಬದಲಾಗುವುದಿಲ್ಲ. ಹೊಳೆಯಿಂದ ಕಾಲುವೆಯಿಂದ ನೀರು ಬಾರದ ಅಥಣಿಯ ಮಡ್ಡಿಯಲ್ಲಿ ಕಬ್ಬು ನೆಟ್ಟವನು ನೆರೆಯ 24 ಎಕರೆಯವರ ಪಾಲನ್ನು, ಅವರಿಗೂ ತನಗೂ ಅರಿಯದಂತೆ, ಎತ್ತಿಕೊಂಡಿರುತ್ತಾನೆ.

ಇದೇ ಸೀಮೆಯಲ್ಲಿ ಹತ್ತಾರು ಮೈಲಿಯ ಆಚೆ ಕಥೆ ತಲೆಕೆಳಗಾಗಿದೆ. ಕೃಷ್ಣೆಯ ದಂಡೆಯ ದಪ್ಪ ಎರೆಯಲ್ಲಿ, ಉಗಾರ, ಕಾಗವಾಡದ ಸುತ್ತ, ನೀರು ಹೆಚ್ಚಾಗಿ ನೆಲ ಕೆಟ್ಟಿದೆ. ಮೇಲಿಂದ ಮೇಲೆ ಹಾಯಿಸಿದ ನೀರು ಇಂಗಿ, ಮಟ್ಟ ಬೇರಿನವರೆಗೆ ಏರಿ, ಉಪ್ಪನ್ನು ಮೇಲಕ್ಕೆ ತಂದಿತು. ಹೊಲದ ಮೇಲೆ ಬಿಳಿಯ ಪರೆ ಕಟ್ಟಿತು. ನಮ್ಮ ಜನ ಇದಕ್ಕೆ ಸವಳು ಜವಳು ಎನ್ನುತ್ತಾರೆ. ಸವಳು ಹತ್ತಿದ ಹೊಲವನ್ನು ಉಳಿಸಲು ನಾಲ್ಕೈದು ಅಡಿ ಆಳದಲ್ಲಿ ತೂತಿನ ಕೊಳವೆಗಳನ್ನು ಹೂಳಿ ನೀರನ್ನು ಹೊರಕ್ಕೆ ಹರಿಸುತ್ತಾರೆ. ಗಣಿಯವನ ಕೆಲಸವೇ ಅದು. 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿ, ಕೊಯ್ನಾದಿಂದ ನೀರು ಬಿಡಿರೆಂದು ಈ ಭಾಗದವರು ಮೊರೆಯಿಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಹಳ್ಳಿಗಳನ್ನು ನುಂಗಿದವು. ಅಷ್ಟು ದೊಡ್ಡ ಪ್ರವಾಹದಿಂದ ಮಡ್ಡಿಯ ಬಾವಿಗಳಿಗೆ ದಕ್ಕಿದ್ದು ಏನೂ ಇಲ್ಲ. ನೂರಕ್ಕೆ 2 ಪಾಲಿನ ಉಗ್ರಾಣ ಒಂದು ವಾರದ ಹೊಳೆಯನ್ನು ತುಂಬಿಕೊಳ್ಳಲಾರದು, ಹೊಳೆಯೂ ಗುಡ್ಡ ಹತ್ತಲಾರದು.

ಒಂದು ಕೋರಿಕೆ ಉಳಿದಿದೆ. ಬತ್ತಿದ ಹಳೆಯ ಬಾವಿಗಳನ್ನು ಈಚೆಗೆ ಕಸಕಡ್ಡಿ ಹಾಕಿ, ಮಣ್ಣು ತುಂಬಿ ಮುಚ್ಚುತ್ತಿದ್ದಾರೆ. ಅಪಾಯ ತಪ್ಪಿಸಲು ಮುಚ್ಚುವವರೂ ಇದ್ದಾರೆ, ಒಂದು ಗುಂಟೆ ನೆಲ ಸಿಕ್ಕೀತೆಂದು ಮುಚ್ಚುವವರೂ ಇದ್ದಾರೆ. ಗಣಿ ತೋಡುವವರು ತಾವು ಇಳಿದ ಪ್ರತಿಯೊಂದು ಪದರದ ದಪ್ಪವನ್ನೂ ನಕಾಶೆಯಲ್ಲಿ ಬರೆದಿಡುತ್ತಾರೆ. ನಮ್ಮ ಬಾವಿಗಳಿಗೆ ಅಂಥ ದಾಖಲೆ ಇಲ್ಲ, ಗೋಡೆಯೇ ದಾಖಲೆ. ಕೊಳವೆಬಾವಿಯೊಳಗೆ ಮನುಷ್ಯ ಇಣುಕಲಾರ. ಇಪ್ಪತ್ತು ಅಡಿ ಅಗಲದ ತೆರೆದ ಬಾವಿಯಲ್ಲಾದರೆ ಎರೆ ಎಷ್ಟು, ಗರಸು ಎಷ್ಟು, ತೂತುಗಲ್ಲು ಎಲ್ಲಿ, ಕೆಂಪು ಪಟ್ಟೆ ಇದೆಯೇ, ಸೆಲೆ ಯಾವ ದಿಕ್ಕಿನ ಬಿರುಕಿನಿಂದ ಬರುತ್ತಿತ್ತು ಎಂಬುದನ್ನು ಮೆಟ್ಟಿಲಿನ ಮೇಲೆ ನಿಂತು ಓದಬಹುದು. ಮಳೆನೀರನ್ನು ಎಲ್ಲಿ ನಿಲ್ಲಿಸಿದರೆ ಇಂಗೀತು, ಎಲ್ಲಿ ನಿಲ್ಲಿಸಿದರೆ ಬಿಸಿಲಿಗೆ ಹೋದೀತು ಎಂಬುದಕ್ಕೆ ಆ ಓದೇ ಆಧಾರ. ಶಾಸನಗಳ ಪಡಿಯಚ್ಚು ತೆಗೆಯಲು ನಮ್ಮ ವಿದ್ಯಾರ್ಥಿಗಳು ಊರೂರು ಅಲೆದಂತೆ ಈ ಐದು ತಾಲೂಕುಗಳ ಕಾಲೇಜುಗಳ ಹುಡುಗರು ಒಂದು ಟೇಪು, ಒಂದು ವಹಿ ಹಿಡಿದು ಬಾವಿಗಳನ್ನು ಬರೆದುಕೊಳ್ಳಲಿ. ತೋಡಿದವರ ಮನೆಯ ಮುದುಕರು ಇನ್ನೂ ಕೆಲವರಿದ್ದಾರೆ. ಯಾವ ವರ್ಷ ತೋಡಿತು, ಎಷ್ಟನೆಯ ಅಡಿಗೆ ನೀರು ಬಂತು, ಯಾವ ಬೇಸಿಗೆಗೆ ಮೊದಲ ಸಲ ಬತ್ತಿತು ಎಂದು ಕೇಳಿದರೆ ಅವರು ಹೇಳುತ್ತಾರೆ. ಬಾವಿಯನ್ನು ಮುಚ್ಚಿಸಬೇಕೆಂದಿದ್ದರೆ ಅದಾದ ಮೇಲೆ ಮುಚ್ಚಿಸಲಿ.